ಚಿತ್ರ ಬಿಡಿಸುವ ಗೆಳತಿಗೆ ಕಾಗದ ಬರೆಯುವುದು ಹೇಗೆ?

ನನ್ನ ಮೇಜಿನ ಕೆಳಗೆ ಶೂ ಬಂದಿದ್ದ ಹಳೇ ರಟ್ಟಿನ ಡಬ್ಬ ಒಂದಿದೆ. ಅದರಲ್ಲಿ 41 ಕಾಗದಗಳಿವೆ. 22 ನನಗೆ ಬಂದವು, 19 ನಾನು ಬರೆದವುಗಳ ಪ್ರತಿ. ಇಷ್ಟೂ ಸೇರಿ ಆಗಿದ್ದು ಒಂದೇ ಒಂದು ಮಕ್ಕಳ ಪುಸ್ತಕ. 32 ಪುಟ. ನನ್ನ ಮಾತು ಎಣಿಸಿದರೆ ಅದರಲ್ಲಿ 600 ಪದವೂ ಇಲ್ಲ. ಉಳಿದದ್ದೆಲ್ಲ ಅವಳ ಚಿತ್ರ.

ಫೋನ್ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ಆದರೆ ಫೋನಿನಲ್ಲಿ ಏನಾಗುತ್ತೆ ಅಂದರೆ, ಚಿತ್ರ ನೋಡಿದ ಐದನೇ ಸೆಕೆಂಡಿಗೆ ಏನಾದರೂ ಹೇಳಲೇಬೇಕು. ‘ಸೂಪರ್’ ಅಂದುಬಿಡುತ್ತೇವೆ. ಮೂರು ದಿನ ಬಿಟ್ಟು ಅದೇ ಚಿತ್ರ ಯಾಕೋ ಚುಚ್ಚುತ್ತಿರುತ್ತದೆ, ಹೇಳಲು ಬಾಯಿ ಬರುವುದಿಲ್ಲ. ಕಾಗದದಲ್ಲಿ ಆ ಮೂರು ದಿನ ಸುಮ್ನೆ ಸಿಗುತ್ತದೆ. ಚಿತ್ರವನ್ನು ಗೋಡೆಗೆ ಅಂಟಿಸಿ, ಹೋಗ್ತಾ ಬರ್ತಾ ನೋಡಿ, ಆಮೇಲೆ ಬರೆಯಬಹುದು. ನೀವು ಇಮೇಲ್‌ನಲ್ಲೇ ಮಾಡುವುದಾದರೂ ಕೆಳಗಿನದು ಬಹುಪಾಲು ಹೊಂದುತ್ತದೆ. ಒಂದೇ ಷರತ್ತು, ಬಂದ ತಕ್ಷಣ ಉತ್ತರ ಕೊಡುವ ಚಟ ಬಿಡಬೇಕು.

ಇದು ಮುಖ್ಯವಾಗಿ ಬರೆಯುವವರಿಗೆ. ತಪ್ಪು ಜಾಸ್ತಿ ಮಾಡುವವರು ನಾವೇ.

1. ಮೊದಲ ಕಾಗದದಲ್ಲಿ ಕಥೆ ಕಳಿಸಬೇಡಿ

ಗುರುತಿಲ್ಲದ ಚಿತ್ರಕಾರರಿಗೆ ಮೊದಲ ಸಲ ಬರೆಯುವಾಗ ಇಡೀ ಕಥೆಯ ಕಟ್ಟು ತುರುಕಬೇಡಿ. ಬಾಗಿಲು ತೆಗೆದ ಕೂಡಲೇ ಕೈಗೆ ಮೂಟೆ ಕೊಟ್ಟ ಹಾಗಾಗುತ್ತದೆ. ಒಂದು ಹಾಳೆ ಸಾಕು.

ಅದರಲ್ಲಿ ಅವರದೇ ಒಂದು ಚಿತ್ರದ ಬಗ್ಗೆ ಬರೆಯಿರಿ. ಒಂದೇ ಒಂದು ಚಿತ್ರ. ‘ನಿಮ್ಮ ಚಿತ್ರಗಳು ತುಂಬಾ ಚೆನ್ನಾಗಿವೆ’ ಅಂದರೆ ಅವರು ಥ್ಯಾಂಕ್ಸ್ ಅನ್ನುವುದು ಬಿಟ್ಟು ಇನ್ನೇನು ಬರೆದಾರು? ನಾನು ಬರೆದದ್ದು ಹೀಗಿತ್ತು:

‘ನೀವು ಬಿಡಿಸಿದ ಬಸ್ಸಿನ ಚಿತ್ರದಲ್ಲಿ ಕೊನೇ ಸೀಟಿನ ಹೆಂಗಸು ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡಿಲ್ಲ, ಎರಡೂ ಪಾದಗಳ ಮಧ್ಯೆ ಒತ್ತಿ ಹಿಡಿದಿದ್ದಾರೆ. ಅದರಲ್ಲಿ ಏನೋ ಒಡೆಯುವ ವಸ್ತು ಇದೆ ಅಂತ ನನಗೆ ಅನ್ನಿಸಿತು. ಇದೆಯಾ?’

ಉತ್ತರ ನಾಲ್ಕು ಪುಟ ಬಂತು. ಚೀಲದಲ್ಲಿ ಇದ್ದದ್ದು ಗಾಜಿನ ಚಿಮಣಿ ಅಂತೆ. ಯಾರೂ ಕೇಳಿರಲಿಲ್ಲವಂತೆ.

ಕಥೆಯ ವಿಷಯ ಕೊನೆಯಲ್ಲಿ ಎರಡು ಸಾಲು ಇರಲಿ. ಇಂಥ ಒಂದು ಕಥೆ ಇದೆ, ನೋಡುತ್ತೀರಾ ಅಂತ. ಅಷ್ಟೇ.

ದುಡ್ಡಿನ ಮಾತು ಯಾವಾಗ? ಬೇಗ. ಅವರು ‘ಕಳಿಸಿ’ ಅಂದ ಮರು ಕಾಗದದಲ್ಲೇ. ಆದರೆ ಬೇರೆ ಹಾಳೆಯಲ್ಲಿ. ಎಷ್ಟು ಚಿತ್ರ, ಯಾವಾಗ ಎಷ್ಟು ಹಣ, ಪುಸ್ತಕದ ಮೇಲೆ ಹೆಸರು ಎಲ್ಲಿ, ಮೂಲ ಚಿತ್ರ ಯಾರ ಬಳಿ ಉಳಿಯುತ್ತದೆ, ಮಧ್ಯದಲ್ಲಿ ನಿಂತುಹೋದರೆ ಆಗಿರುವ ಕೆಲಸಕ್ಕೆ ಏನು. ಈ ಐದು ಇರಲಿ. ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ, ಒಂದೊಂದು ಇಟ್ಟುಕೊಳ್ಳಿ. ಸ್ನೇಹದಲ್ಲಿ ಇದೆಲ್ಲ ಯಾಕೆ ಅನ್ನುವವರ ಸ್ನೇಹವೇ ಮುಂದೆ ಕೆಡುವುದು ನಾನು ನೋಡಿದ್ದೇನೆ. ಈ ಹಾಳೆ ಬೇರೆ ಇದ್ದರೆ ಉಳಿದ ಕಾಗದಗಳಲ್ಲಿ ಹಗುರವಾಗಿ ಹರಟಬಹುದು.

2. ಕಥೆ ಕಳಿಸುವಾಗ: ಚಿತ್ರ ಹೇಗಿರಬೇಕು ಅಂತ ಹೇಳಬೇಡಿ

ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ ಅಥವಾ ಪ್ರಿಂಟ್ ತೆಗೆಯಿರಿ. ಬಲಗಡೆ ಮೂರನೇ ಒಂದು ಭಾಗ ಖಾಲಿ ಬಿಡಿ. ಓದುತ್ತಾ ಓದುತ್ತಾ ಅವರು ಗೀಚುವುದು ಅಲ್ಲೇ. ಸನ್ನಿವೇಶಗಳಿಗೆ ನಂಬರ್ ಹಾಕಿ. ಇವು ಸಣ್ಣ ಸಂಗತಿಗಳು.

ದೊಡ್ಡದು ಇದು. ನನ್ನ ಕಥೆ ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜನದು. ಅದರ ಮೊದಲ ಕರಡಿನ ಅಂಚಿನಲ್ಲಿ ನಾನು ಹೀಗೆ ಬರೆದಿದ್ದೆ:

‘ಅಜ್ಜ ಎಡಗಡೆ ಮರದ ಕುರ್ಚಿಯಲ್ಲಿ ಕೂತಿರಬೇಕು. ನೀಲಿ ಅಂಗಿ. ಬಲಗೈಯಲ್ಲಿ ಸ್ಕ್ರೂಡ್ರೈವರ್. ಹಿಂದೆ ಗೋಡೆ ಮೇಲೆ 9 ಗಡಿಯಾರ. ಕಿಟಕಿಯಿಂದ ಬಿಸಿಲು. ಮುಖದಲ್ಲಿ ದುಃಖ.’

ಅದೃಷ್ಟಕ್ಕೆ ಕಳಿಸುವ ಮುಂಚೆ ಒಮ್ಮೆ ಓದಿದೆ. ಇದು ಚಿತ್ರಕಾರರಿಗೆ ಬರೆದ ಕಾಗದ ಅಲ್ಲ, ಬಡಗಿಗೆ ಕೊಟ್ಟ ಅಳತೆ ಚೀಟಿ. ಬಡಗಿಗೂ ಇಷ್ಟು ಹೇಳಿದರೆ ಸಿಟ್ಟು ಬರುತ್ತದೆ. ಎಲ್ಲ ನಾನೇ ಬಿಡಿಸಿ ಮುಗಿಸಿದ್ದೇನೆ, ಕೈ ಮಾತ್ರ ಅವರದು ಬೇಕು. ಅದನ್ನು ಹರಿದು ಇಷ್ಟು ಬರೆದೆ:

‘ಅಜ್ಜನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಗಡಿಯಾರ ನಡೀತಿದೆಯಾ ಅಂತ ತಿಳಿಯಲು ಅದನ್ನು ಕಿವಿಗಲ್ಲ, ಕೆನ್ನೆಗೆ ಒತ್ತಿ ಹಿಡಿಯುತ್ತಾನೆ. ಟಿಕ್ ಟಿಕ್ ಅವನಿಗೆ ಚರ್ಮದಲ್ಲಿ ಗೊತ್ತಾಗುತ್ತದೆ. ಇದನ್ನು ಕಥೆಯಲ್ಲಿ ಎಲ್ಲೂ ಹೇಳಿಲ್ಲ. ನಿಮಗೆ ಗೊತ್ತಿರಲಿ ಅಂತ.’

ಅವಳ ಉತ್ತರದಲ್ಲಿ ಚಿತ್ರ ಇರಲಿಲ್ಲ, ಬರೀ ಪ್ರಶ್ನೆ. ‘ಅಜ್ಜ ಎಡಗೈಯವರಾ, ಬಲಗೈಯವರಾ? ಎಡಗೈಯವರಾದರೆ ಕಿಟಕಿ ಅವರ ಬಲಕ್ಕೆ ಇರಬೇಕು. ಇಲ್ಲದಿದ್ದರೆ ಅವರ ಕೈಯ ನೆರಳು ಗಡಿಯಾರದ ಮೇಲೇ ಬೀಳುತ್ತೆ. ಅಷ್ಟು ವರ್ಷ ಕೆಲಸ ಮಾಡಿದವರು ಹಾಗೆ ಕೂರಲ್ಲ. ಆಮೇಲೆ, ಭೂತಗನ್ನಡಿ ಯಾವ ಕಣ್ಣಿಗೆ?’ ನಾನು ಬಿಸಿಲು ಅಂತ ಬರೆದಿದ್ದೆ, ಅಲ್ವಾ? ಯಾವ ಕಡೆಯಿಂದ ಅಂತ ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಕಾಗದದಲ್ಲಿ ಹೇಳಬೇಕಾದದ್ದು ಪಾತ್ರದ ಬಗ್ಗೆ, ಅವರ ಅಭ್ಯಾಸದ ಬಗ್ಗೆ. ಅವರು ಏನು ಬಚ್ಚಿಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಕೂತರೆ ಹೇಗೆ ಕೂರುತ್ತಾರೆ. ಅಂಗಿಯ ಬಣ್ಣ ಬೇಡ. ಬಣ್ಣ ಕಥೆಗೆ ಬೇಕೇ ಬೇಕು ಅನ್ನುವ ಕಡೆ ಮಾತ್ರ ಹೇಳಿ, ಯಾಕೆ ಬೇಕು ಅಂತಲೂ ಹೇಳಿ. ‘12ನೇ ಸನ್ನಿವೇಶದಲ್ಲಿ ಈ ಕೆಂಪು ದಾರ ಮತ್ತೆ ಬರುತ್ತೆ, ಅದಕ್ಕೇ ಇಲ್ಲೂ ಕಾಣಬೇಕು’ ಅಂದರೆ ಯಾವ ಚಿತ್ರಕಾರರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮಾತಿನಲ್ಲಿ ಹೇಳಲು ಆಗದಿದ್ದರೆ ವಸ್ತುವನ್ನೇ ಕಳಿಸಿ. ಇದರಲ್ಲಿ ಇಂಗ್ಲಿಷ್ ಮಕ್ಕಳ ಕಥೆಗಾರ ರೋಲ್ಡ್ ಡಾಲ್ ನಮಗೆಲ್ಲ ಗುರು. 1982ರಲ್ಲಿ ಬಂದ ಅವರ ದೈತ್ಯನ ಕಥೆಗೆ ಚಿತ್ರ ಬಿಡಿಸಿದವರು ಕ್ವೆಂಟಿನ್ ಬ್ಲೇಕ್. ಮೊದಲ ಕರಡಿನಲ್ಲಿ ದೈತ್ಯನಿಗೆ ಉದ್ದನೆ ಬೂಟು, ಚರ್ಮದ ಏಪ್ರನ್ ಇತ್ತು. ಬಿಡಿಸಿ ನೋಡಿದರೆ ಏಪ್ರನ್ ಅವನ ಓಟಕ್ಕೆ, ಜಿಗಿತಕ್ಕೆ ಅಡ್ಡ. ಬೂಟಂತೂ ಇಬ್ಬರಿಗೂ ಹಿಡಿಸಲಿಲ್ಲ. ಹಾಗಾದರೆ ಕಾಲಿಗೆ ಏನು? ಸ್ವಲ್ಪ ದಿನಕ್ಕೆ ಬ್ಲೇಕ್ ಅವರಿಗೆ ಕಂದು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಟಪಾಲಿನಲ್ಲಿ ಬಂತು. ಬಿಚ್ಚಿದರೆ ಒಳಗೆ ಡಾಲ್ ಅವರದೇ ಒಂದು ದೊಡ್ಡ ನಾರ್ವೇ ಚಪ್ಪಲಿ! ದೈತ್ಯ ಇವತ್ತಿಗೂ ಪುಸ್ತಕದಲ್ಲಿ ಹಾಕಿಕೊಂಡಿರುವುದು ಅದೇ. ಬರಹಗಾರ ಅಲ್ಲಿ ‘ಹೀಗೆ ಬಿಡಿಸಿ’ ಅನ್ನಲಿಲ್ಲ. ತನ್ನ ಚಪ್ಪಲಿ ಕಳಿಸಿದ. ಏಪ್ರನ್ ಕಥೆಯಿಂದಲೇ ಹೋಯಿತು ಅನ್ನುವುದನ್ನೂ ಗಮನಿಸಿ. ಚಿತ್ರ ಹೇಳಿದ್ದಕ್ಕೆ ಬರಹ ಬದಲಾಯಿತು.

ನಾನು ಚಪ್ಪಲಿ ಕಳಿಸಲಿಲ್ಲ. ಕೆಟ್ಟುಹೋದ ಅಲಾರಂ ಗಡಿಯಾರ ಒಂದನ್ನು ಬಿಚ್ಚಿ, ಒಳಗಿನ ಮೂರು ಹಲ್ಲುಚಕ್ರ ಕಳಿಸಿದೆ. ಅವನ್ನು ಶಾಯಿಯಲ್ಲಿ ಅದ್ದಿ ಅಚ್ಚೊತ್ತಿ ಪುಸ್ತಕದ ಒಳರಟ್ಟಿನ ಹಾಳೆಗೆ ವಿನ್ಯಾಸ ಮಾಡಿದಳು. ಆ ಉಪಯೋಗ ನನ್ನ ಕನಸಿನಲ್ಲೂ ಇರಲಿಲ್ಲ.

3. ಎಂಟು ಹಾಳೆ ಮಡಚಿ

ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಇರುವುದಕ್ಕೆ ಕಾರಣ ಮುದ್ರಣ. ದೊಡ್ಡ ಹಾಳೆಯಲ್ಲಿ ಪುಟಗಳನ್ನು ಒಟ್ಟಿಗೆ ಅಚ್ಚು ಹಾಕಿ ಮಡಚುತ್ತಾರೆ. 16 ಪುಟಕ್ಕೆ ಒಂದು ಫಾರಂ ಅಂದರೆ ಎರಡು ಫಾರಂ. 33 ಪುಟದ ಕಥೆ ಅಂತ ನೀವು ಹಟ ಮಾಡಿದರೆ ಮುದ್ರಕರು ನಗುತ್ತಾರೆ.

ಎಂಟು ಖಾಲಿ ಹಾಳೆ ತೆಗೆದುಕೊಂಡು ಒಟ್ಟಿಗೆ ನಡುವೆ ಮಡಚಿ. 32 ಪುಟದ ಪುಟ್ಟ ಡಮ್ಮಿ ಆಯಿತು. ಹೆಸರಿನ ಪುಟ, ಪ್ರಕಾಶನದ ವಿವರ, ಅರ್ಪಣೆ ಅಂತ ಮೊದಲ ಮೂರು ನಾಲ್ಕು ಪುಟ ಹೋಗುತ್ತದೆ. ಉಳಿದದ್ದರಲ್ಲಿ ಎದುರುಬದುರು ಜೋಡಿ ಪುಟಗಳು 13–14 ಸಿಗುತ್ತವೆ. ನಿಮ್ಮ ಕಥೆಯನ್ನು ಕತ್ತರಿಸಿ ಅದರಲ್ಲಿ ಪೆನ್ಸಿಲ್ ಗುರುತು ಹಾಕಿ ಅಂಟಿಸಿ. ಗಮ್ ಜಾಸ್ತಿ ಹಚ್ಚಬೇಡಿ, ಕಿತ್ತು ಬೇರೆ ಕಡೆ ಅಂಟಿಸುವುದು ಖಂಡಿತ.

ಈಗ ಪುಟ ತಿರುವಿ ನೋಡಿ. ‘ಬಾಗಿಲು ತೆರೆಯಿತು’ ಅನ್ನುವುದು ಬಲಪುಟದ ಕೊನೆಯಲ್ಲಿದ್ದು, ಬಾಗಿಲ ಆಚೆ ಇರುವುದು ಪುಟ ತಿರುವಿದ ಮೇಲೆ ಬರಬೇಕು. ಎರಡೂ ಒಂದೇ ಕಣ್ಣೋಟಕ್ಕೆ ಬಿದ್ದರೆ ಗುಟ್ಟು ರಟ್ಟು. ಒಂದು ಜೋಡಿಪುಟದಲ್ಲಿ ಮೂರು ಘಟನೆ ಗಿಜಿಗುಡುತ್ತಿದ್ದರೆ ಅಲ್ಲೂ ಗೊತ್ತಾಗುತ್ತದೆ. ಈ ಡಮ್ಮಿಯನ್ನು ಕಾಗದದ ಜೊತೆ ಕಳಿಸಿ, ಆದರೆ ‘ಬದಲಾಯಿಸಿ’ ಅಂತ ಮೇಲೇ ಬರೆಯಿರಿ. ನನ್ನದು ವಾಪಸ್ ಬಂದಾಗ ಪುಟ 14ರಿಂದ 19ರವರೆಗೆ ಎಲ್ಲ ಕಿತ್ತು ಹಿಂದುಮುಂದು ಅಂಟಿಸಿದ್ದಳು. ಪುಟ 17 ಪೂರ್ತಿ ಖಾಲಿ. ನಡುವೆ ಒಂದು ಪದ: ‘ಕತ್ತಲೆ’. ಅವಳು ಹೇಳಿದ್ದೇ ಸರಿ ಇತ್ತು.

4. ಕಾಗದಗಳಿಗೆ ನಂಬರ್ ಹಾಕಿ

ದಯವಿಟ್ಟು ಹಾಕಿ. ಇದನ್ನು ಮಾಡದೆ ನಾನು ಕೆಟ್ಟೆ.

ನನ್ನ ಕಥೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದದ್ದು ಅಜ್ಜ. ಒಂದು ರಾತ್ರಿ ನನಗೆ ಹೊಳೆಯಿತು, ಇದು ಅಜ್ಜಿ ಆಗಬೇಕು ಅಂತ. ಗಡಿಯಾರದ ಅಜ್ಜ ಎಲ್ಲರ ಕಥೆಯಲ್ಲೂ ಬಂದುಹೋಗಿದ್ದಾನೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದ ಅಜ್ಜಿಯನ್ನು ಯಾರು ನೋಡಿದ್ದಾರೆ? ಬೆಳಿಗ್ಗೆ ಎದ್ದವನೇ ಖುಷಿಯಲ್ಲಿ ಕಾಗದ ಬರೆದು ಹಾಕಿದೆ. ಮರುದಿನ ಅವಳ ಲಕೋಟೆ ಬಂತು. ದಪ್ಪಗಿತ್ತು. ಒಳಗೆ ಆರು ರಫ್, ಅಂದರೆ ಪೆನ್ಸಿಲ್ ಕರಡು ಚಿತ್ರ. ಆರರಲ್ಲೂ ಅಜ್ಜ. ಪೊದೆ ಹುಬ್ಬು, ಎಡಗೈ, ಬಲಕ್ಕೆ ಕಿಟಕಿ, ಕೆನ್ನೆಗೆ ಒತ್ತಿದ ಗಡಿಯಾರ. ನನ್ನ ಕಾಗದ ಆಗ ದಾರಿಯಲ್ಲಿತ್ತು. ಹನ್ನೆರಡು ದಿನದ ಅವಳ ಕೆಲಸವನ್ನು ಅದು ಎರಡು ಸಾಲಿನಲ್ಲಿ ಕಸ ಮಾಡಲು ಹೊರಟಿತ್ತು.

ಆಮೇಲೆ ನಾವು ಮಾಡಿಕೊಂಡ ನಿಯಮ ಇಷ್ಟು. ಪ್ರತಿಯೊಬ್ಬರೂ ತಮ್ಮ ಕಾಗದಕ್ಕೆ ತಾವೇ ಕ್ರಮಸಂಖ್ಯೆ ಹಾಕುವುದು. ತಾರೀಖಿನ ಪಕ್ಕ ‘ನಿಮ್ಮ 7ನೇದು ಕೈಸೇರಿದೆ’ ಅಂತ ಬರೆಯುವುದು. ಆಗ ಯಾವುದಕ್ಕೆ ಯಾವುದು ಉತ್ತರ ಅಂತ ಗೊಂದಲ ಇರುವುದಿಲ್ಲ. ಕಥೆಯ ಮೂಳೆಯೇ ಬದಲಾಗುವ ವಿಷಯ ಇದ್ದರೆ ಮಾತ್ರ ಫೋನ್: ‘ಕೈ ನಿಲ್ಲಿಸು, ಕಾಗದ ಬರ್ತಿದೆ.’ ಅದಕ್ಕಿಂತ ಒಂದು ಮಾತೂ ಜಾಸ್ತಿ ಇಲ್ಲ. ಕಳಿಸುವ ಮುನ್ನ ನಮ್ಮ ಕಾಗದದ ಫೋಟೋ ಒಂದು ತೆಗೆದಿಟ್ಟುಕೊಳ್ಳುವುದು. ಏನು ಹೇಳಿದ್ದೆ ಅನ್ನುವುದು ಹತ್ತು ದಿನಕ್ಕೆ ನಮಗೇ ಮರೆತಿರುತ್ತದೆ.

ಕೆಲಸದ ಹಂತಗಳನ್ನೂ ಮೊದಲೇ ಮಾತಾಡಿಕೊಳ್ಳಿ. ಮೊದಲು ಬೆಂಕಿಪೊಟ್ಟಣದಷ್ಟು ಪುಟ್ಟ ಗೀಚುಗಳು. ಆಮೇಲೆ ಪೂರ್ಣ ಅಳತೆಯ ಪೆನ್ಸಿಲ್ ರಫ್. ಆಮೇಲೆ ಶಾಯಿ, ಬಣ್ಣ. ಬೆಂಕಿಪೊಟ್ಟಣದ ಹಂತದಲ್ಲಿ ಅಜ್ಜ ಅಜ್ಜಿಯಾದರೆ ಅರ್ಧ ಗಂಟೆಯ ಕೆಲಸ. ರಫ್‌ನಲ್ಲಾದರೆ ವಾರಗಳು. ಬಣ್ಣ ಹಾಕಿದ ಮೇಲೆ ಕೇಳಿದರೆ ಅದು ಬದಲಾವಣೆ ಅಲ್ಲ, ಜಗಳ.

ಅವಳು ಏನಂದಳು ಅಂತ ಕೇಳುತ್ತೀರಾ? ಮೂರು ವಾರ ಏನೂ ಅನ್ನಲಿಲ್ಲ. ಆಮೇಲೆ ಒಂದು ಕಾರ್ಡ್ ಬಂತು. ಅದರಲ್ಲಿ ಪೊದೆ ಹುಬ್ಬಿನ ಅಜ್ಜ ಪೆಟ್ಟಿಗೆ ಹಿಡಿದು ಬಾಗಿಲು ದಾಟಿ ಹೋಗುತ್ತಿದ್ದ. ಕೆಳಗೆ, ‘ಕೆಲಸ ಹೋಯಿತು ಪಾಪ. ಅಜ್ಜಿಯ ಹೆಸರೇನು?’ ಅಲ್ಲಿಂದ ಮುಂದೆ ನಮ್ಮ ಕಾಗದಗಳಲ್ಲಿ ‘ನೀವು’ ಹೋಗಿ ‘ನೀನು’ ಬಂತು.

5. ರಫ್ ಬಂದಾಗ

ಎಲ್ಲಕ್ಕಿಂತ ಕಷ್ಟದ ಕಾಗದ ಇದು. ಮೊದಲ ದಿನ ಬರೆಯಬೇಡಿ. ಚಿತ್ರವನ್ನು ಕಣ್ಣಿಗೆ ಬೀಳುವ ಕಡೆ ಇಡಿ. ಕಥೆ ಗೊತ್ತಿಲ್ಲದ ಯಾರಿಗಾದರೂ, ಮಗುವಾದರೆ ಇನ್ನೂ ಒಳ್ಳೆಯದು, ತೋರಿಸಿ ಇಲ್ಲಿ ಏನಾಗ್ತಿದೆ ಅಂತ ಕೇಳಿ. ‘ಹೇಗಿದೆ’ ಅಂತ ಕೇಳಬೇಡಿ.

ಬರೆಯಲು ಕೂತಾಗ ಮೊದಲು ನಿಮಗೆ ಕಂಡದ್ದನ್ನು ಬರೆಯಿರಿ. ಮೆಚ್ಚುಗೆಯೂ ಅಲ್ಲ, ತಕರಾರೂ ಅಲ್ಲ, ಬರೀ ಕಂಡದ್ದು. ‘ಮೊದಲು ಕಣ್ಣು ಹೋದದ್ದು ದೀಪದ ಕಡೆ, ಆಮೇಲೆ ಬೆಕ್ಕು, ಅಜ್ಜಿ ಕೊನೆಗೆ ಕಂಡರು.’ ಇಷ್ಟು ಹೇಳಿದರೆ ಅರ್ಧ ಕೆಲಸ ಆಯಿತು. ಅಜ್ಜಿ ಮೊದಲು ಕಾಣಬೇಕಿತ್ತು ಅನ್ನುವುದು ಅವರಿಗೇ ಹೊಳೆಯುತ್ತದೆ. ಇಲ್ಲವೇ, ಬೇಕಂತಲೇ ಹಾಗೆ ಮಾಡಿದೆ ಅಂತ ಕಾರಣ ಹೇಳುತ್ತಾರೆ.

ಸರಿ ಇಲ್ಲದ್ದನ್ನು ನೇರವಾಗಿ ಹೇಳಿ. ‘ಚೆನ್ನಾಗಿದೆ, ಆದರೂ ಏನೋ ಒಂದು ಸ್ವಲ್ಪ...’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದರೆ, ಓದುವವರು ಆ ‘ಏನೋ’ ಏನು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎದುರಿಗೆ ಕೂತಿದ್ದರೆ ಮುಖ ನೋಡಿ ತಿಳಿದುಕೊಳ್ಳಬಹುದಿತ್ತು. ಕಾಗದಕ್ಕೆ ಮುಖ ಇಲ್ಲ.

ತಿದ್ದುಪಡಿ ತೋರಿಸಲು ಅವರ ಚಿತ್ರದ ಮೇಲೆ ಗೀಚಬೇಡಿ. ಮೇಲೊಂದು ಟ್ರೇಸಿಂಗ್ ಪೇಪರ್ ಇಟ್ಟು, ಮೇಲಂಚಿನಲ್ಲಿ ಮಾತ್ರ ಟೇಪ್ ಹಾಕಿ, ಅದರ ಮೇಲೆ ಗುರುತು ಮಾಡಿ. ಮೆತ್ತನೆ ಪೆನ್ಸಿಲ್ ಬಳಸಿ. ಬಾಲ್ ಪೆನ್ನಿನ ಒತ್ತು ಕೆಳಗಿನ ಚಿತ್ರಕ್ಕೆ ಇಳಿಯುತ್ತದೆ.

ಸಿಟ್ಟು ಬಂದರೆ? ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ಗೂ ಬಂದಿತ್ತು. ಅವರೂ, ‘ಫಿಜ್’ ಅಂತ ಸಹಿ ಹಾಕುತ್ತಿದ್ದ ಚಿತ್ರಕಾರ ಹ್ಯಾಬ್ಲೋ ಬ್ರೌನ್ ಅವರೂ 1836ರಿಂದ 1859ರವರೆಗೆ ಜೊತೆಗೆ ಕೆಲಸ ಮಾಡಿದವರು. 1846ರಲ್ಲಿ ಡಿಕನ್ಸ್ ಅವರ ಹೊಸ ಕಾದಂಬರಿ ತಿಂಗಳಿಗೊಂದು ಕಂತು ಬರುತ್ತಿತ್ತು. ಡಿಕನ್ಸ್ ಪರದೇಶದಲ್ಲಿ, ಬ್ರೌನ್ ಇಂಗ್ಲೆಂಡಿನಲ್ಲಿ. ನಡುವೆ ಕಾಗದಗಳೇ ದಾರಿ. ಆಗ ಒಂದು ಚಿತ್ರ ಡಿಕನ್ಸ್ ಅವರನ್ನು ಕಂಗೆಡಿಸಿತು. ಪುಟ್ಟ ಹುಡುಗ ಪುಟ್ಟ ಕೈಕುರ್ಚಿಯಲ್ಲಿ ಒಲೆಯ ಮೂಲೆಯಲ್ಲಿ ಕೂತು, ಮುದುಕಿಯ ಮುಖವನ್ನು ಕೆಳಗಿನಿಂದ ದಿಟ್ಟಿಸಿ ನೋಡಬೇಕಿತ್ತು. ಕುರ್ಚಿ ಪುಟ್ಟದು ಅಂತ ಬರಹದಲ್ಲೇ ಒಂದಕ್ಕಿಂತ ಹೆಚ್ಚು ಸಲ ಇತ್ತು. ಚಿತ್ರದಲ್ಲಿ ಅವನು ಎತ್ತರದ ಕುರ್ಚಿಯಲ್ಲಿದ್ದ. ಡಿಕನ್ಸ್ ಎಷ್ಟು ನೊಂದರೋ ಅಷ್ಟನ್ನೂ ಗೆಳೆಯ ಫಾರ್ಸ್ಟರ್‌ಗೆ ಬರೆದು ತೋಡಿಕೊಂಡರು. ಕುರ್ಚಿಯ ಎತ್ತರ ಅಂತ ನಗಬೇಡಿ. ಮೇಲಿಂದ ನೋಡುವ ಹುಡುಗ ಬೇರೆ, ಕೆಳಗಿನಿಂದ ನೋಡುವ ಹುಡುಗ ಬೇರೆ.

ಇದರಿಂದ ನಾನು ಎರಡು ಅಭ್ಯಾಸ ಮಾಡಿಕೊಂಡೆ. ಕಥೆಗೆ ಜೀವಾಳವಾದ ವಿವರ ಇದ್ದರೆ ಅದನ್ನು ಕಾಗದದಲ್ಲಿ ಬೇರೆ ಸಾಲಾಗಿ ಬರೆದು ಕೆಳಗೆ ಗೀಟು ಎಳೆಯುತ್ತೇನೆ. ಒಂದು ಪುಸ್ತಕಕ್ಕೆ ಇಂಥ ಗೀಟು ಐದಕ್ಕಿಂತ ಹೆಚ್ಚಿಲ್ಲ. ಎರಡನೆಯದು, ಸಿಟ್ಟಿನ ಕಾಗದವನ್ನು ಬೇರೆ ಯಾರಿಗಾದರೂ ಬರೆಯುತ್ತೇನೆ, ಇಲ್ಲವೇ ಬರೆದು ಮೇಜಿನ ಖಾನೆಗೆ ಹಾಕುತ್ತೇನೆ. ಖಾನೆಯಲ್ಲಿ ಅಂಥವು ಮೂರಿವೆ. ಅವು 41ರ ಲೆಕ್ಕಕ್ಕಿಲ್ಲ.

ಈಗ ಬಿಡಿಸುವವರಿಗೆ ಒಂದು ಮಾತು. ನಿಮಗೂ ಬರಹದ ಬಗ್ಗೆ ಹೇಳುವ ಹಕ್ಕಿದೆ, ಹೇಳಿ. ಆಲಿಸ್ ಅನ್ನುವ ಹುಡುಗಿಯ ಕಥೆಗಳನ್ನು ಬರೆದ ಲೂಯಿಸ್ ಕ್ಯಾರಲ್ ಅವರ ಎರಡನೇ ಆಲಿಸ್ ಪುಸ್ತಕದ ಕೆಲಸ ನಡೆಯುವಾಗ, 1870ರ ಜೂನ್ 1ರಂದು, ಅದರ ಚಿತ್ರಕಾರ ಜಾನ್ ಟೆನಿಯೆಲ್ ಒಂದು ಕಾಗದ ಬರೆದರು. ರೈಲಿನ ಸನ್ನಿವೇಶದಲ್ಲಿ ಡಬ್ಬಿ ಎಗರಿದಾಗ ಆಲಿಸ್ ಮುದುಕಿಯ ಕೂದಲು ಹಿಡಿಯುವ ಬದಲು ಕೈಗೆ ಹತ್ತಿರ ಸಿಗುವ ಮೇಕೆಯ ಗಡ್ಡ ಹಿಡಿದರೆ ಹೇಗೆ ಅಂತ ಕೇಳಿದರು. ವಿಗ್ ಹಾಕಿದ ಕಣಜದ ಒಂದು ಪ್ರಸಂಗ ಇತ್ತು. ಅದು ತಮಗೆ ಒಂಚೂರೂ ರುಚಿಸಲಿಲ್ಲ, ಚಿತ್ರಕ್ಕೆ ದಾರಿಯೂ ಕಾಣುತ್ತಿಲ್ಲ, ಪುಸ್ತಕ ಚಿಕ್ಕದು ಮಾಡಬೇಕು ಅಂತಿದ್ದರೆ ಕತ್ತರಿಸಲು ಇದೇ ಜಾಗ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಒರಟು ಅಂದುಕೊಳ್ಳಬೇಡಿ ಅಂತಲೂ ಸೇರಿಸಿದರು. ಕ್ಯಾರಲ್ ಸಾಮಾನ್ಯದವರಲ್ಲ, ಚಿತ್ರದ ವಿಷಯದಲ್ಲಿ ಬಹಳ ಪಟ್ಟು ಹಿಡಿಯುವವರು. ಆದರೂ ಎರಡನ್ನೂ ಒಪ್ಪಿಕೊಂಡರು. 1871ರ ಕೊನೆಗೆ ಪುಸ್ತಕ ಬಂದಾಗ ಆಲಿಸ್ ಹಿಡಿದದ್ದು ಮೇಕೆಯ ಗಡ್ಡ. ಕಣಜ ಇರಲಿಲ್ಲ.

ಟೆನಿಯೆಲ್ ಕಾಗದದ ಜಾಣತನ ನೋಡಿ. ಬೇಡ ಅನ್ನುವುದನ್ನು ಹೇಳುವ ಕಾಗದದಲ್ಲೇ ಇನ್ನೊಂದು ಕಡೆ ಏನು ಮಾಡಬಹುದು ಅಂತಲೂ ಇದೆ, ರೈಲು ಡಬ್ಬಿಯ ಪುಟ್ಟ ಚಿತ್ರವೂ ಇದೆ.

ನನಗೂ ಇಂಥದ್ದು ಆಯಿತು. ಒಂದು ಪುಟದಲ್ಲಿ ನಾನು ಏಳು ವಾಕ್ಯ ಬರೆದಿದ್ದೆ. ಅಜ್ಜಿಯ ಕೈಯಿಂದ ಸ್ಕ್ರೂ ಬಿತ್ತು, ಹುಡುಗಿ ಮೇಜಿನ ಕೆಳಗೆ ನುಸುಳಿದಳು, ಮೂಲೆ ಮೂಲೆ ಹುಡುಕಿದಳು, ಸಿಗಲಿಲ್ಲ, ಅಳು ಬಂತು, ಹೀಗೆ. ಅವಳ ರಫ್‌ನಲ್ಲಿ ಹುಡುಗಿ ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಹುಡುಕುತ್ತಿದ್ದಾಳೆ. ಅಜ್ಜಿ ಗಡಿಯಾರವನ್ನು ಕೆನ್ನೆಗೆ ಒತ್ತಿದ ಹಾಗೇ. ಸ್ಕ್ರೂ ಅವಳ ಜಡೆಯ ತುದಿಯಲ್ಲಿ ಸಿಕ್ಕಿಕೊಂಡಿದೆ. ಓದುವ ಮಗುವಿಗೆ ಕಾಣುತ್ತದೆ, ಹುಡುಗಿಗೆ ಕಾಣುವುದಿಲ್ಲ. ಕಾಗದದಲ್ಲಿ ಅವಳು ಇದರ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ನಾನು ಏಳು ವಾಕ್ಯದಲ್ಲಿ ಆರು ಹೊಡೆದು ಹಾಕಿದೆ. ಉಳಿದದ್ದು: ‘ಸ್ಕ್ರೂ ಎಲ್ಲೂ ಇಲ್ಲ.’

ಹೊಡೆದು ಹಾಕಿದ ಪುಟವನ್ನೇ ಉತ್ತರವಾಗಿ ಕಳಿಸಿದೆ. ಆ 19ರಲ್ಲಿ ನನ್ನ ಒಳ್ಳೇ ಕಾಗದ ಅದೇ ಅಂತ ಅವಳ ಅಭಿಪ್ರಾಯ. ಅದರಲ್ಲಿ ನಾನು ಏನೂ ಬರೆದಿರಲಿಲ್ಲ!

6. ಕಟ್ಟುವುದು, ಕಳಿಸುವುದು

ಬೇಗ ಹೇಳಿ ಮುಗಿಸುತ್ತೇನೆ. ಮೂಲ ಚಿತ್ರ ಟಪಾಲಿಗೆ ಹಾಕಬೇಡಿ, ಪ್ರತಿ ಕಳಿಸಿ. ಹಾಕಲೇಬೇಕಾದರೆ ಮೊದಲು 300 ಡಿಪಿಐಗೆ (ಅಂದರೆ ಇಂಚಿಗೆ 300 ಚುಕ್ಕಿ) ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿ, ಸ್ಪೀಡ್ ಪೋಸ್ಟ್ ಮಾಡಿ ಕಳಿಸಿ. ಚಿತ್ರಕ್ಕಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾದ ಎರಡು ರಟ್ಟಿನ ಮಧ್ಯೆ ಇಡಿ. ಪೆನ್ಸಿಲ್ ಚಿತ್ರದ ಮೇಲೆ ಬಟರ್ ಪೇಪರ್ ಹಾಸಿ, ಇಲ್ಲದಿದ್ದರೆ ಒರೆಸಿಹೋಗುತ್ತದೆ. ಒಳಗೊಂದು ಪ್ಲಾಸ್ಟಿಕ್ ಕವರ್. ವಿಳಾಸವನ್ನು ಲಕೋಟೆಗೆ ಚಿತ್ರ ಹಾಕುವ ಮೊದಲೇ ಬರೆಯಿರಿ. ನೀರಿಗೆ ಕದಡುವ ಶಾಯಿ ಬೇಡ. ಒಂದು ಮಳೆಯಲ್ಲಿ ನನ್ನ ಮೂರು ಪುಟ ನೀಲಿ ಮೋಡವಾಗಿ ಅವಳಿಗೆ ತಲುಪಿತ್ತು. ಅದರ ಮೇಲೇ ಕೊಡೆ ಹಿಡಿದ ಅಜ್ಜಿಯನ್ನು ಬಿಡಿಸಿ ವಾಪಸ್ ಕಳಿಸಿದಳು ಅನ್ನಿ.

7. ಉತ್ತರವೇ ಬರದಿದ್ದಾಗ

ಎರಡು ವಾರ ಸುಮ್ಮನಿರಿ. ಆಮೇಲೆ ಕೆಲಸ ಕೇಳದ ಒಂದು ಕಾಗದ ಹಾಕಿ. ನಿಮ್ಮ ಕಡೆ ಏನಾಗ್ತಿದೆ, ಏನು ಓದ್ತಿದ್ದೀರಿ, ಬೆಳಿಗ್ಗೆ ಕಂಡ ಒಂದು ಮುಖ ಹೇಗಿತ್ತು, ಇಂಥದ್ದು. ‘ಚಿತ್ರ ಎಲ್ಲಿಗೆ ಬಂತು?’ ಅನ್ನುವ ಸಾಲು ಬೇಡ, ಅದು ಅವರ ತಲೆಯಲ್ಲಿ ದಿನಾ ಓಡುತ್ತಲೇ ಇರುತ್ತದೆ. ಒಪ್ಪಿಕೊಂಡ ತಾರೀಖು ದಾಟಿದ್ದರೆ ಮಾತ್ರ ನೇರವಾಗಿ ಕೇಳಿ, ಅದೂ ಆ ಬೇರೆ ಹಾಳೆಯಲ್ಲಿ.

ಕೆಲವು ಸಲ ಮೌನಕ್ಕೆ ಕಾರಣ ನೀವೇ ಆಗಿರುತ್ತೀರಿ. ಹಿಂದಿನ ಕಾಗದದ ಪ್ರತಿ ತೆಗೆದು ಓದಿ. ನನಗೆ ಒಂದು ಕಡೆ ಸಿಕ್ಕಿತು: ‘ಇದನ್ನು ಹೇಗೂ ಅರ್ಧ ಗಂಟೆಯಲ್ಲಿ ಮಾಡಿಬಿಡ್ತೀಯ.’ ಹೊಗಳಿಕೆ ಅಂತ ಬರೆದಿದ್ದೆ. ಓದಿದವಳಿಗೆ ಹಾಗೆ ಕೇಳಿಸಿರಲಿಲ್ಲ. ತಪ್ಪಾಯ್ತು ಅಂತ ಒಂದು ಸಾಲು ಬರೆದು, ಸಮಜಾಯಿಷಿ ಕೊಡದೆ ನಿಲ್ಲಿಸಿದೆ.

8. ಅಚ್ಚಿಗೆ ಹೋಗುವಾಗ

ಅಚ್ಚಿನ ಮಾದರಿ ಹಾಳೆಗಳನ್ನು ಇಬ್ಬರೂ ನೋಡಿ. ಬರಹಗಾರರು ಅಕ್ಷರ ನೋಡುತ್ತಾರೆ, ಕಪ್ಪು ಎಷ್ಟು ಕಪ್ಪಾಗಿದೆ ಅಂತ ನೋಡುವ ಕಣ್ಣು ಅವರಿಗಿಲ್ಲ. 1865ರಲ್ಲಿ ಮೊದಲ ಆಲಿಸ್ ಪುಸ್ತಕದ 2,000 ಪ್ರತಿ ಅಚ್ಚಾಗಿತ್ತು. ಚಿತ್ರಗಳ ಮುದ್ರಣ ನೋಡಿ ಟೆನಿಯೆಲ್ ಒಪ್ಪಲಿಲ್ಲ. ಕ್ಯಾರಲ್ ಅಷ್ಟನ್ನೂ ಹಿಂದಕ್ಕೆ ಪಡೆದು, ಬೇರೆ ಮುದ್ರಕರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಖರ್ಚು ಅವರದೇ. ನಮಗೆ ಅಂಥ ಖರ್ಚು ಆಗುವುದಿಲ್ಲ, ಆದ್ದರಿಂದ ಮಾದರಿ ಹಾಳೆ ಹಂತದಲ್ಲೇ ಅವರಿಗೆ ಒಂದು ಪ್ರತಿ ಹೋಗಲೇಬೇಕು. ಪರದೆಯ ಮೇಲೆ ನೋಡಿದರೆ ಸಾಲದು, ಕಾಗದದ ಮೇಲೆ ಬಣ್ಣವೇ ಬೇರೆ.

9. ಪುಸ್ತಕ ಬಂದ ಮೇಲೆ ಕಾಗದಗಳನ್ನು ಏನು ಮಾಡುವುದು?

ನಂಬರ್ ಪ್ರಕಾರ ಜೋಡಿಸಿ. ಸ್ಟೇಪ್ಲರ್ ಪಿನ್, ರಬ್ಬರ್ ಬ್ಯಾಂಡ್ ಬೇಡ. ಒಂದು ತುಕ್ಕು ಹಿಡಿಯುತ್ತದೆ, ಇನ್ನೊಂದು ಕರಗಿ ಅಂಟುತ್ತದೆ. ಹತ್ತಿಯ ದಾರ ಸಾಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಿಮಗೆ ಬಂದ ಕಾಗದ, ಅಂದರೆ ಆ ಹಾಳೆ, ನಿಮ್ಮದು. ಆದರೆ ಬಹುತೇಕ ದೇಶಗಳ ಕಾನೂನಿನಲ್ಲಿ ಅದರ ಮಾತನ್ನೂ ಚಿತ್ರವನ್ನೂ ಪ್ರಕಟಿಸುವ ಹಕ್ಕು ಬರೆದವರದು. ಲಕೋಟೆಯ ಮೂಲೆಯಲ್ಲಿ ಅವರು ಗೀಚಿದ ಬೆಕ್ಕನ್ನು ನಿಮ್ಮ ಪೋಸ್ಟರಿಗೆ ಹಾಕುವ ಮುನ್ನ ಕೇಳಿ. ಇಲ್ಲಿ ನಾನು ಎತ್ತಿ ಬರೆದ ಅವಳ ಸಾಲುಗಳಿಗೂ ಕೇಳಿದ್ದೇನೆ. ಒಂದು ಸಾಲಿಗೆ ಬೇಡ ಅಂದಳು, ತೆಗೆದಿದ್ದೇನೆ.

ಕೈಬಿಟ್ಟದ್ದನ್ನೂ ಇಟ್ಟುಕೊಳ್ಳಿ. ಟೆನಿಯೆಲ್ ಬೇಡ ಅಂದ ಆ ಕಣಜದ ಪ್ರಸಂಗದ ಅಚ್ಚಿನ ಕರಡು ನೂರಕ್ಕೂ ಹೆಚ್ಚು ವರ್ಷ ಕಾಣೆಯಾಗಿತ್ತು. 1974ರಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ ಪ್ರತ್ಯಕ್ಷವಾಯಿತು. ಅದರ ಮೇಲೆ ಕ್ಯಾರಲ್ ಅವರ ಕೈಬರಹದ ತಿದ್ದುಪಡಿಗಳೂ ಇದ್ದವು. ಅದನ್ನು ಓದಿದವರು ಟೆನಿಯೆಲ್ ಹೇಳಿದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡುತ್ತಾರೆ.

ನನ್ನ ಡಬ್ಬದ ತಳದಲ್ಲಿ ಆ ಆರು ರಫ್‌ಗಳಿವೆ. ಪೊದೆ ಹುಬ್ಬಿನ ಅಜ್ಜ. ಹೋದ ತಿಂಗಳು ಅವಳ ಕಾಗದ ಬಂತು, ಹೊಸ ಸರಣಿ, ನಂಬರ್ 1. ‘ಅಜ್ಜನನ್ನು ಎಸೆದಿಲ್ಲ ತಾನೇ? ಪೆಟ್ಟಿಗೆ ಹಿಡಿದು ಎಲ್ಲಿಗೆ ಹೋದರು ಅಂತ ನನಗೆ ಗೊತ್ತಾಗಿದೆ. ಎಂಟು ಹಾಳೆ ಮಡಚಿ ಬಿಡಿಸಿ ಕಳಿಸ್ತಿದ್ದೀನಿ. ಮಾತು ಎಲ್ಲಿ ಬೇಕು ಅನ್ನಿಸುತ್ತೋ ಅಲ್ಲಿ ಬರಿ. ಎಲ್ಲಿ ಬೇಡವೋ ಬಿಡು.’